ಹುಲಿಗೆವ್ವನಿಗೆ ಓದಿ ಹೇಳಿದ ಕಥೆ

ತುಂಗಭದ್ರೆಯ ದಂಡೆಯಲ್ಲಿ ಸಾಂಬಯ್ಯಜ್ಜನ ಆಶ್ರಮ. ಎರಡು ಕೋಣೆ, ಒಂದು ಬೇವಿನ ಮರ, ಹೊಳೆಗೆ ಇಳಿಯಲು ಕೆಲವು ಮೆಟ್ಟಿಲು. ಅಷ್ಟೇ.

ಯಂಕೋಬ ಅಲ್ಲಿಗೆ ಬಂದು ಆರು ವರ್ಷವಾಗಿತ್ತು. ಅವನು ಕಥೆ ಬರೆಯುತ್ತಿದ್ದ. ಬೇಡ ಎಂದು ಅಜ್ಜ ಎಂದೂ ಹೇಳಿರಲಿಲ್ಲ. ಬರೆ ಎಂದೂ ಹೇಳಿರಲಿಲ್ಲ.

ಒಂದು ಬೆಳಿಗ್ಗೆ ಅವನು ಪತ್ರಿಕೆಯೊಂದನ್ನು ಹಿಡಿದುಕೊಂಡು ಬಂದ. ಅದರಲ್ಲಿ ಅವನ ಕಥೆ ಅಚ್ಚಾಗಿತ್ತು, ಬಹುಮಾನವೂ ಬಂದಿತ್ತು. ಅಜ್ಜ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು.

"ಓದು," ಎಂದರು.

ಯಂಕೋಬ ಓದಿದ. ಕಥೆ ಹಚ್ಚೆ ಹೊಯ್ಯುವ ಮುದುಕಿಯೊಬ್ಬಳದು. ಒಂದು ಕಾಲಕ್ಕೆ ಊರೂರಿನ ಹೆಣ್ಣುಮಕ್ಕಳು ಅವಳ ಮುಂದೆ ಕೈ ಚಾಚುತ್ತಿದ್ದರು. ಅವಳು ಪದ ಹಾಡುತ್ತ ಹಚ್ಚೆ ಹೊಯ್ಯುತ್ತಿದ್ದಳು. ಕಾಲ ಬದಲಾಯಿತು, ಯಾರೂ ಕರೆಯದಾದರು. ಕೊನೆಗೆ ಅವಳು ಅಳುತ್ತ ತನ್ನ ಸೂಜಿಗಳನ್ನು ಹೊಳೆಗೆ ಎಸೆದುಬಿಡುತ್ತಾಳೆ.

ಅಜ್ಜ ಕೈಯಲ್ಲಿದ್ದ ಬೀಜವನ್ನು ಪಕ್ಕಕ್ಕಿಟ್ಟರು.

"ಈಕಿ ಆಚೆ ದಂಡಿ ಹುಲಿಗೆವ್ವ ಅಲ್ಲೇನು?"

"ಹೌದ್ರಿ ಅಜ್ಜಾರ. ಹೆಸರು ಬ್ಯಾರೆ ಇಟ್ಟೀನಿ."

"ಆಕಿಗೆ ತೋರಿಸಿದೇನು?"

"ಆಕಿಗೆ ಓದಾಕ ಬರಂಗಿಲ್ರಿ."

"ಕೇಳಾಕ ಬರ್ತೈತಲ್ಲ?"

ಯಂಕೋಬ ನಕ್ಕ. ಅಜ್ಜ ನಗಲಿಲ್ಲ. ಅವನು ಪತ್ರಿಕೆ ಮಡಚಿಕೊಂಡು ಸೇತುವೆಯ ಕಡೆ ನಡೆದ.

ಹುಲಿಗೆವ್ವ ಮನೆಯ ಮುಂದೆ ಮೆಣಸಿನಕಾಯಿ ಒಣಗಿಸುತ್ತಿದ್ದಳು. ಕಥೆ ಓದುತ್ತಾನಂತೆ ಎಂದು ಅಕ್ಕಪಕ್ಕದ ಹೆಂಗಸರೂ ಬಂದು ಕೂತರು. ಯಂಕೋಬ ಮನಸ್ಸಿಟ್ಟು ಓದಿದ. ಪದದ ವರ್ಣನೆ ಬಂದಲ್ಲಿ ದನಿ ಇಳಿಸಿದ. ಸೂಜಿ ಹೊಳೆಗೆ ಬಿದ್ದಾಗ ಇಬ್ಬರು ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅವನಿಗೆ ಒಳಗೊಳಗೇ ಹಿಗ್ಗಾಯಿತು.

"ಚಂದ ಐತಪ್ಪಾ," ಎಂದಳು ಹುಲಿಗೆವ್ವ. "ಆದ್ರ ಆಕಿ ಯಾರು?"

"ನೀನೇ ಯವ್ವಾ."

ಹುಲಿಗೆವ್ವನ ಕೈ ಮೆಣಸಿನಕಾಯಿಯ ಮೇಲೆ ಹಾಗೇ ನಿಂತಿತು.

"ನಾನು ಸೂಜಿ ಎಸೀಲಿಲ್ಲಲ್ಲೋ ತಮ್ಮಾ. ಹಳೇ ಸೀರಿ ಕೂಡಿಸಿ ಕೌದಿ ಹೊಲೀತೀನಿ ಅದರಲೆ."

"ಅದು ಕಥೆಗೆ ಅಂತ..."

"ಮತ್ತ ಯಾರೂ ಕರೀಲಿಲ್ಲ ಅಂತ ಬರದೀಯಲ್ಲ? ಕರೀತಿದ್ರು. ನಾನ ಹೋಗಲಿಲ್ಲ."

ಹೆಂಗಸರು ಅವಳ ಕಡೆ ತಿರುಗಿದರು.

"ಕಡೀ ಸಲ ಹೋದಾಗ ಒಂದು ಕೂಸು," ಎಂದಳು ಅವಳು. "ಏಳು ವರ್ಷದ್ದು. ಅವರವ್ವ ಎದಿ ಮ್ಯಾಲೆ ಕೈ ಊರಿ ಹಿಡಿದಿದ್ಲು, ಸೋದರಮಾವ ಕಾಲು ಹಿಡಿದಿದ್ದ. ಅತ್ತೂ ಅತ್ತೂ ಕೂಸಿನ ದನೀನ ಹೋತು. ಬಾಯಿ ತೆರೀತಿತ್ತು, ಅಳು ಬರ್ತಿದ್ದಿಲ್ಲ. ನಾನು ಹಾಡಕೊಂತ ಚುಚ್ಚಾಕ ಹತ್ತಿದ್ದೆ. ಪದ ಭಾಳ ಚಂದ ಅಂತ ಬರದೀಯಲ್ಲ, ಯಾಕ ಹಾಡ್ತಿದ್ದೆ ಗೊತ್ತೈತೇನು?"

ಯಂಕೋಬ ತಲೆಯಾಡಿಸಿದ, ಗೊತ್ತಿಲ್ಲ ಎಂದು.

"ಅಳು ನನ್ನ ಕಿವಿಗೆ ಬೀಳಬಾರದಂತ."

ಅವಳು ಒಂದು ಮೆಣಸಿನಕಾಯಿಯನ್ನು ಮಗುಚಿ ಹಾಕಿದಳು. ಮತ್ತೊಂದನ್ನೂ ಹಾಕಿದಳು.

"ಅವತ್ತ ಬಿಟ್ಟೆ. ಅತ್ತಿ ಬೈದ್ಲು, ಗಂಡ ಬಡದ. ನಮ್ಮ ಮಂದಿ ವರ್ಷಗಟ್ಟಲೆ ಮಾತು ಬಿಟ್ರು. ನನ್ನ ಜನ್ಮದಾಗ ನನ್ನ ಬುದ್ಧೀಲೆ ನಾ ಮಾಡಿದ್ದು ಅದೊಂದ ಕೆಲಸ. ನೀನು ಅದನ್ನ ಕಾಲ ಮಾಡ್ತು ಅಂತ ಬರದಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಯಂಕೋಬನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

"ಊಟ ಮಾಡ್ಕೊಂಡು ಹೋಗು," ಎಂದಳು ಏಳುತ್ತ.

ಅವನು ಉಣ್ಣಲಿಲ್ಲ. ಸೇತುವೆ ದಾಟುವಾಗ ಎದುರಿಗೆ ಬಂದ ಪರಿಚಯದವರೊಬ್ಬರು ಬಹುಮಾನದ ಸುದ್ದಿ ಕೇಳಿ ಕೈಕುಲುಕಿದರು. ಅವನು ತಲೆ ಎತ್ತದೆ ಕೈ ಕೊಟ್ಟ.

ಆಶ್ರಮದಲ್ಲಿ ಅಜ್ಜ ಹುಣಸೆಹಣ್ಣನ್ನು ಉಂಡೆ ಕಟ್ಟುತ್ತಿದ್ದರು. ಯಂಕೋಬ ದೂರದಲ್ಲೇ ಕೂತ.

"ಹೇಳು."

ಅವನು ಎಲ್ಲವನ್ನೂ ಹೇಳಿದ. ಅಜ್ಜ ನಡುವೆ ಬಾಯಿ ಹಾಕಲಿಲ್ಲ.

"ಗೊತ್ತಿಲ್ಲದ್ದು ಬರದಿ," ಎಂದರು ಕೊನೆಗೆ. "ಈಗ ಗೊತ್ತಾತು. ಅದಕ್ಕ ಇಷ್ಟ್ಯಾಕ ಕುಗ್ಗಿದಿ?"

ಯಂಕೋಬನ ಮುಖ ಇನ್ನೂ ಕೆಳಗಾಯಿತು.

"ಗೊತ್ತಿತ್ರಿ ಅಜ್ಜಾರ."

ಅಜ್ಜನ ಕೈ ನಿಂತಿತು.

"ನಮ್ಮವ್ವನ ಎರಡೂ ಕೈಮ್ಯಾಲೆ ಹಚ್ಚೆ ಅದಾವ್ರಿ. ಸಣ್ಣಾವ ಇದ್ದಾಗ ಅದರ ಮ್ಯಾಲೆ ಬೆರಳಾಡಿಸ್ತಿದ್ದೆ. ಬರಿಯಾಕ ಹತ್ತಿದ ಮ್ಯಾಲೆ ಒಂದ್ಸಲ ಆಕಿ ಅಂದ್ಲು, ಇದನ್ನ ಹೊಯ್ಯುವಾಗ ನಾಕು ಮಂದಿ ನನ್ನ ಹಿಡಿದಿದ್ರು ಅಂತ. ಮೊದಲ ಸಲ ಬರದಾಗ ಅದನ್ನ ಬರದಿದ್ನಿರಿ."

"ಆಮ್ಯಾಲೆ?"

"ಗೀಟು ಹೊಡದು ಹಾಕಿದೆ."

"ಯಾಕ?"

"ಅದು ಇದ್ರ ಮುದುಕಿ ಮ್ಯಾಲೆ ಓದೋರಿಗೆ ಕನಿಕರ ಹುಟ್ಟತಿದ್ದಿಲ್ರಿ. ಪದ ಚಂದ ಅನಸ್ತಿದ್ದಿಲ್ಲ. ಹಳೇದೆಲ್ಲಾ ಹೋತಲ್ಲ ಅಂತ ಅಳಸಬೇಕಿತ್ತು ನನಗ."

ಹೊಳೆಯ ಕಡೆಯಿಂದ ಗಾಳಿ ಬೀಸಿತು. ಬೇವಿನ ಎಲೆ ಒಂದೆರಡು ಉದುರಿದವು.

"ನಾ ಇನ್ನ ಬರೆಯಂಗಿಲ್ರಿ ಅಜ್ಜಾರ," ಎಂದ ಯಂಕೋಬ. "ಬರೆದದ್ದೆಲ್ಲಾ ಹೊಳಿಗೆ ಹಾಕಿಬಿಡ್ತೀನಿ."

"ಅದೂ ಚಂದ ಐತಿ," ಎಂದರು ಅಜ್ಜ. "ಓದಿದೋರು ಅಳ್ತಾರ."

ಕಪಾಳಕ್ಕೆ ಹೊಡೆದಂತಾಯಿತು ಯಂಕೋಬನಿಗೆ. ಅಜ್ಜ ಉಂಡೆ ಕಟ್ಟಿ ಮುಗಿಸಿ, ಕೈ ತೊಳೆದು ಬಂದರು.

"ಅವ್ವ ಎಲ್ಲಿದಾಳ ಈಗ?"

"ಅಣ್ಣನ ಮನ್ಯಾಗ್ರಿ. ನಡಕೊಂಡು ಹೋದ್ರ ಸಂಜೀಕ ಮುಟ್ಟತೀನಿ."

"ಅಷ್ಟು ವರ್ಷ ಆಕಿ ಕೈಮ್ಯಾಲೆ ಬೆರಳಾಡಿಸಿದಿ. ನಾಕು ಮಂದಿ ಹಿಡಿದಿದ್ರು ಅಂದಾಗ ನೀ ಏನಂದಿ?"

ಯಂಕೋಬ ನೆನಪಿಸಿಕೊಂಡ. ಏನೂ ಅಂದಿರಲಿಲ್ಲ. ಮರೆಯಬಾರದೆಂದು ಒಳಗೆ ಓಡಿಹೋಗಿ ಬರೆದಿಟ್ಟುಕೊಂಡಿದ್ದ.

ಅಜ್ಜ ಉತ್ತರಕ್ಕೆ ಕಾಯಲಿಲ್ಲ. ಅಂಗೈಯನ್ನು ಅವನ ಮುಂದೆ ಚಾಚಿದರು.

"ಹೋಗಿ ಕೇಳು. ಪೆನ್ನು ಇಲ್ಲಿ ಕೊಟ್ಟು ಹೋಗು."