ಗೋಡೆ ಹಿಂದಿನ ಮಣ್ಣು

ಒಂದಾನೊಂದು ಕಾಲ ಅಂತಾರಲ್ಲ ಮಗಾ, ಅದಕ್ಕೂ ಎರಡು ತಲೆಮಾರು ಹಿಂದೆ ಹಿರೇಬಂಡೆ ಅಂತ ಒಂದೂರು ಇತ್ತಂತೆ. ಆ ಊರಲ್ಲಿ ಚಿತ್ತಯ್ಯ ಅಂತ ಕಲ್ಲುಕೆಲಸದವನು. ಅವನು ಕಟ್ಟಿದ ಗೋಡೇಲಿ ಇರುವೆ ಸಂದು ಹುಡುಕಿ ಹುಡುಕಿ ಸುಸ್ತಾಗಿ ವಾಪಸ್ ಹೋಗ್ತಿತ್ತಂತೆ. ಊರ ಗೌಡ ಅವನನ್ನ ಕರೆಸಿ, ನಮ್ಮಪ್ಪನ ಹೆಸರಲ್ಲಿ ಮೆಟ್ಟಿಲ ಬಾವಿ ಕಟ್ಟು, ಹೆಂಗಸ್ರು ಬಿಂದಿಗೆ ಹಿಡ್ಕೊಂಡು ಒಳಕ್ಕಿಳಿದೇ ನೀರು ತುಂಬ್ಕೋಬೇಕು ಅಂದನಂತೆ.

ಬಾವಿ ಗೋಡೆ ಅಂದ್ರೆ ಮುಂದೆ ಕಾಣೋ ಕಲ್ಲಷ್ಟೇ ಅಲ್ಲ. ಹಿಂದುಗಡೆ ಚಕ್ಕೆಕಲ್ಲು ಹಾಕಿ, ಗಾರೆ ಹಾಕಿ, ಬಿಗಿಯಾಗಿ ತುಂಬಬೇಕು. ಇಲ್ಲಾಂದ್ರೆ ಮಳೇಲಿ ಮಣ್ಣು ಉಬ್ಬಿ ಗೋಡೇನ ಒಳಕ್ಕೆ ತಳ್ಳಿಬಿಡುತ್ತೆ. ಚಿತ್ತಯ್ಯ ಹಂಗೇ ತುಂಬ್ಕೊಂಡು ಬಂದು, ಇನ್ನು ಮೇಲಿನ ಮೂರು ವರಸೆ, ಅಂದ್ರೆ ಮೂರು ಸಾಲು ಕಲ್ಲು, ಬಾಕಿ ಅನ್ನೋವಾಗ ಮನೆಯಿಂದ ಸುದ್ದಿ ಬಂತಂತೆ, ನಿನ್ನ ಹೆಂಡ್ತಿ ಮಾರಕ್ಕಂಗೆ ಜ್ವರ ನೆತ್ತಿಗೇರಿದೆ, ಬೇಗ ಬಾ ಅಂತ. ಗೌಡ ಮಾತ್ರ, ನಾಳೆ ಗಂಗೆಪೂಜೆ, ಮುಗಿಸಿಯೇ ಹೋಗು ಅಂದನಂತೆ. ಚಿತ್ತಯ್ಯ ಏನು ಮಾಡ್ದ, ಮುಂದೆ ಕಲ್ಲಿಟ್ಟ, ಹಿಂದೆ ಬರೀ ಮಣ್ಣು ಸುರಿದ, ಮುಚ್ಚಿ ಓಡಿದ. ಓಡಿದ್ದೂ ದಂಡ ಆಯ್ತಂತೆ. ಅವನು ಹೊಸಿಲು ದಾಟೋಷ್ಟರಲ್ಲಿ ಮಾರಕ್ಕ ಹೋಗಿಬಿಟ್ಟಿದ್ಲು.

ಆಮೇಲೆ ಊರೆಲ್ಲ ಬಾವೀನ ಹೊಗಳಿದ್ದೇ ಹೊಗಳಿದ್ದಂತೆ. ಚಿತ್ತಯ್ಯನಿಗೆ ಮಾತ್ರ ಊಟ ಸೇರ್ತಿರಲಿಲ್ಲ. ಹೆಂಗಸ್ರು ಬಿಂದಿಗೆ ಹಿಡ್ಕೊಂಡು ಮೆಟ್ಟಿಲು ಇಳಿಯೋದು ನೋಡಿದ್ರೆ, ಅವರು ಹತ್ತಿ ಬರೋ ತನಕ ಅಲ್ಲೇ ನಿಂತಿರೋನಂತೆ. ಹೆಂಡ್ತೀನೂ ಉಳೀಲಿಲ್ಲ, ಕೆಲ್ಸದ ಮಾನಾನೂ ಉಳೀಲಿಲ್ಲ, ನಾನ್ಯಾಕೆ ಉಳಿದೆ ಅಂತ ಒಬ್ಬೊಬ್ಬನೇ ಮಾತಾಡೋನಂತೆ.

ಕಡೆಗೆ ತಡೆಯೋಕಾಗದೆ ಗೌಡನ ಹತ್ರ ಹೋಗಿ, ತಪ್ಪು ಮಾಡಿದೀನಿ ಬುದ್ಧೀ, ಆ ಮೂರು ವರಸೆ ಬಿಚ್ಚಬೇಕು ಅಂದನಂತೆ. ಗೌಡ, ನಮ್ಮಪ್ಪನ ಹೆಸರಿರೋ ಗೋಡೆ ಮುಟ್ಟಿದ್ರೆ ಕೈ ಕಡಿಸ್ತೀನಿ ಅಂದ. ಆಮೇಲೆ ಅಣ್ಣ ಗಾದ್ರಪ್ಪನ ಹತ್ರ ಹೋದನಂತೆ. ಅವನೂ ಕಲ್ಲುಕೆಲಸದವನೇ. ಗೋಡೆ ಹಿಂದೆ ಯಾರು ನೋಡ್ತಾರೋ, ಎಲ್ರೂ ಮಾಡೋದೇ, ನೀನು ಬಾಯಿ ಬಿಟ್ರೆ ನಮ್ಮನ್ನ ಯಾರೂ ಕೆಲಸಕ್ಕೆ ಕರೆಯಲ್ಲ ಅಂದುಬಿಟ್ಟನಂತೆ.

ಮೂರನೇದಾಗಿ ಮಾರಕ್ಕನ ತಾಯಿ ಸಿರಿಯಮ್ಮನ ಮುಂದೆ ಹೋಗಿ ಕೂತ್ಕೊಂಡನಂತೆ. ಆ ಮುದುಕಿ ಎಲ್ಲ ಕೇಳಿಸ್ಕೊಂಡು ಹೇಳಿದ್ಲಂತೆ, ನನ್ನ ಮಗಳು ಹೆಂಗೂ ಹೋದ್ಲಪ್ಪ. ನಾಳೆ ಆ ಗೋಡೆ ಯಾರ ಮೇಲಾದ್ರೂ ಬಿದ್ರೆ, ಅವಳ ಜ್ವರದಿಂದ ಹಂಗಾಯ್ತು ಅಂತ ಒಂದಿನ ನೀನೇ ಅಂದ್ಕೋತೀಯ. ಸತ್ತೋಳ ತಲೆ ಮೇಲೆ ಅದನ್ನ ಹೊರಿಸಬೇಡ. ನಡಿ, ಬಿಚ್ಚು. ನಾನೂ ಬರ್ತೀನಿ.

ಬೆಳಿಗ್ಗೆ ಇವನು ಹಾರೆ ಹಾಕಿ ಮೊದಲನೇ ಕಲ್ಲು ಮೀಟಿದನಂತೆ. ಹೆಂಗಸ್ರು ಬೈದ್ರು, ಹೆಂಡ್ತಿ ಸತ್ತು ತಲೆ ಕೆಟ್ಟಿದೆ ಅಂದ್ರು. ಗೌಡನ ಆಳುಗಳು ಬಂದು ರಟ್ಟೆ ಹಿಡಿದು ಎಳೆದ್ರು. ಸಿರಿಯಮ್ಮ ಅಡ್ಡ ನಿಂತು, ಎಳೆಯೋಕೆ ಮುಂಚೆ ಆ ತೂತಿನೊಳಗೆ ಕೈ ಹಾಕಿ ನೋಡ್ರಪ್ಪ ಅಂದ್ಲಂತೆ. ಒಬ್ಬ ಆಳು ಹಾಕ್ದ. ತೋಳು ಭುಜದ ತನಕ ಹೋಯ್ತು, ಹಸಿಮಣ್ಣು ಬುಳಬುಳ ಅಂತ ನೀರಿಗೆ ಸುರೀತು. ಆಗ ಆಳುಗಳು ಚಿತ್ತಯ್ಯನ ರಟ್ಟೆ ಬಿಟ್ರಂತೆ.

ಗೌಡ ಬಂದು ನೋಡಿ, ಸರಿಮಾಡು, ಆದ್ರೆ ಇನ್ಮೇಲೆ ಈ ಊರಲ್ಲಿ ನೀನು ಗಾರೆ ಮೆತ್ತೋ ಕರಣೆ ಹಿಡೀಕೂಡದು ಅಂದನಂತೆ. ಚಿತ್ತಯ್ಯ ತಲೆ ಬಗ್ಗಿಸಿ ಹೂಂ ಅಂದ. ಮೂರು ತಿಂಗಳು ಸಿರಿಯಮ್ಮ ಸುಣ್ಣ ಅರೆದ್ಲು, ಇವನು ಒಂದೊಂದೇ ಕಲ್ಲು ಕೂರಿಸಿದ. ಅಷ್ಟು ದಿನಾನೂ ಬಾವಿ ನೀರು ರಾಡಿ. ಹೆಂಗಸ್ರು ದೂರದ ಹಳ್ಳಕ್ಕೆ ಹೋಗಿ ನೀರು ಹೊತ್ತು ತರೋರು, ಹೋಗ್ತಾ ಬರ್ತಾ ಇವನಿಗೆ ಶಾಪ ಹಾಕೋರು. ಇವನು ಒಂದು ದಿನಾನೂ ಎದುರಾಡಲಿಲ್ವಂತೆ. ಎಷ್ಟೋ ಸಲ ಬಾವೀಲೇ ಬಿದ್ದುಬಿಡೋಣ ಅನ್ನಿಸೋದಂತೆ. ಆವಾಗೆಲ್ಲ ಸಿರಿಯಮ್ಮ, ಗಾರೆ ಒಣಗ್ತಿದೆ ಬಾರಪ್ಪ ಅಂತ ಕೂಗೋಳು.

ಆಮೇಲೆ ಮಳೆ ಬಂತು ಮಗಾ, ಎಂಥಾ ಮಳೆ ಅಂತೀಯ, ಊರಲ್ಲಿ ಎಷ್ಟೋ ಮನೆ ಗೋಡೆ ಕುಸಿದ್ವಂತೆ. ಬಾವಿ ಗೋಡೆ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಆದ್ರೂ ಯಾರೂ ಬಂದು ಭೇಷ್ ಅನ್ನಲಿಲ್ಲ. ಹೆಂಗಸ್ರು ಬಿಂದಿಗೆ ಹಿಡ್ಕೊಂಡು ಇಳಿದ್ರು, ತುಂಬ್ಕೊಂಡ್ರು, ಹತ್ತಿ ಬಂದ್ರು. ಇವನು ಅದನ್ನ ನೋಡಿ ಮನೆಗೆ ಹೋಗಿ, ಎಷ್ಟೋ ತಿಂಗಳ ಮೇಲೆ ಹೊಟ್ಟೆ ತುಂಬ ಉಂಡನಂತೆ.

ಕರಣೆ ಮಾತ್ರ ಹೋಯ್ತು. ಅತ್ತೆ ಅಳಿಯ ಹೊಲಗಳಲ್ಲಿ ಕೂಲಿ ಮಾಡ್ಕೊಂಡು ಇದ್ರಂತೆ. ಹಂಗಿರೋವಾಗ ಒಂದಿನ ಆಚೆ ಊರಿಂದ ಇಬ್ರು ಕಲ್ಲುಕೆಲಸದವರು ಬಂದು, ಅಣ್ಣಾ, ನಾವೊಂದು ಗೋಡೆ ಎಬ್ಬಿಸಿದೀವಿ, ಮುಚ್ಚೋಕೆ ಮುಂಚೆ ನೀನು ಹಿಂದುಗಡೆ ಒಂದ್ಸಲ ನೋಡ್ಬೇಕು ಅಂದ್ರಂತೆ. ನಾನು ಕಳ್ಳಕೆಲಸ ಮಾಡಿದೋನು, ನನ್ನ ಯಾಕೆ ಕರೀತೀರಿ ಅಂದ್ರೆ, ಅದಕ್ಕೇ ಕರೆಯೋಕೆ ಬಂದಿದ್ದು ಅಂದ್ರಂತೆ.

ಚಿತ್ತಯ್ಯ ಸಿರಿಯಮ್ಮನ ಮುಖ ನೋಡಿದ. ಹೋಗಿ ಬಾ, ಮುದ್ದೆ ತೊಳಸಿಟ್ಟಿರ್ತೀನಿ ಅಂದ್ಲಂತೆ. ಇವನು ಟವಲ್ ಹೆಗಲಿಗೆ ಹಾಕ್ಕೊಂಡು ಅವರ ಹಿಂದೆ ಹೊರಟನಂತೆ.

ಅಲ್ಲಿಗೆ ಕತೆ ತೀರ್ತು ಮಗಾ. ನೀನಿನ್ನು ಮಗ್ಗುಲಾಗು.