ಹಾಕದಬೀಗವೆಂಬ ಊರು

ಮೈಸೂರಿನ ಹೊರವರ್ತುಲ ರಸ್ತೆ ದಾಟಿ ತುಸು ದೂರ ಹೋದರೆ ಹಾಕದಬೀಗ ಸಿಗುತ್ತದೆ. ಸಾಲು ಬಡಾವಣೆಗಳು, ಗೇಟಿಗೊಂದು ಕ್ಯಾಮರಾ, ಆ ಕ್ಯಾಮರಾವನ್ನೂ ನಂಬದೆ ಕೂರಿಸಿದ ಕಾವಲುಗಾರ. ನಿವೇಶನ ಮಾರುವವರು 'ಲೇಕ್ ವ್ಯೂ ನಗರ' ಎಂದು ಫಲಕ ನೆಟ್ಟು ನೋಡಿದರು. ಬಸ್ಸಿನ ಕಂಡಕ್ಟರ್ ಮಾತ್ರ ಹಳೆಯ ಹೆಸರನ್ನೇ ಕೂಗುತ್ತಾನೆ. ಹಾಕದಿದ್ದ ಮೇಲೆ ಬೀಗವೇಕೆ ಎಂದು ಹೊಸಬರು ನಗುತ್ತಾರೆ. ನಗಲಿ, ಉತ್ತರ ಕೆರೆಯ ತೂಬಿನ ಬಳಿ ನೇತಾಡುತ್ತಿದೆ.

ಹಿಂದೆ ಒಮ್ಮೆ ಇಲ್ಲಿ ಬರೀ ಕುರುಚಲು ಕಾಡಿತ್ತಂತೆ. ಮೂಡಲಿಂದ ಒಂದು ಗುಂಪು, ಪಡುವಲಿಂದ ಒಂದು ಗುಂಪು ಬಂದು ನೆಲೆಸಿ, ಕೂಡಿ ಕೆರೆ ಕಟ್ಟಿದವು ಎನ್ನುತ್ತಾರೆ. ಮಣ್ಣು ಹೊರುವಾಗ ಕೂಡಿದ ಕೈಗಳು ನೀರು ನಿಂತ ಮೇಲೆ ಕೂಡಲಿಲ್ಲ. ಅವರು ಕದ್ದು ತೂಬೆತ್ತುತ್ತಾರೆಂದು ಇವರು, ಇವರೇ ಎತ್ತುತ್ತಾರೆಂದು ಅವರು. ಕೊನೆಗೆ ತೂಬಿನ ಬಾಯಿ ಮುಚ್ಚುವ ಗೂಟಕ್ಕೆ ಸರಪಳಿ ಬಿಗಿದು ಎರಡು ಬೀಗ ಜಡಿದರು. ಒಂದರ ಕೀಲಿ ಮೂಡಲಕೇರಿಯ ಕರಿಸಿದ್ದೇಗೌಡನ ಉಡಿದಾರದಲ್ಲಿ, ಇನ್ನೊಂದರದು ಪಡುವಲಕೇರಿಯ ಮುದ್ದವೀರಯ್ಯನ ಸೊಂಟದಲ್ಲಿ. ಇಬ್ಬರೂ ಬಂದರೆ ಮಾತ್ರ ನೀರು. ಇದನ್ನೇ ಜಾಣತನವೆಂದುಕೊಂಡರು, ಪುಣ್ಯಾತ್ಮರು!

ಗೌಡನೋ, ಹಗ್ಗ ಕಂಡರೂ ಹಾವೆಂದು ಬಡಿಯುವ ಆಸಾಮಿ. ಹೆಂಡತಿ ಕೊಟ್ಟ ಹಾಲನ್ನೂ ಮೂಸಿ ಕುಡಿಯುತ್ತಿದ್ದ. ಅವನು ಜೀವವಿಟ್ಟುಕೊಂಡಿದ್ದದ್ದು ಮಗಳು ದ್ಯಾವೀರಿಯ ಮೇಲೆ. ಅವಳನ್ನು ಕೆರೆಯ ಕೆಳಗಿನ ತಗ್ಗಿನಕೇರಿಗೆ ಕೊಟ್ಟಿತ್ತು. ಎರಡನೆಯ ಹೆರಿಗೆಯಾಗಿ ಅತ್ತೆಮನೆಯಲ್ಲೇ ಬಾಣಂತಿಯಾಗಿದ್ದಳು. ಉತ್ತರೆ ಮಳೆ ಬಿಡದೆ ಹಿಡಿದ ಒಂದು ಮಧ್ಯಾಹ್ನ ಮುದ್ದವೀರಯ್ಯ ಕಂಬಳಿ ಹೊದ್ದು ಗೌಡನ ಬಾಗಿಲಿಗೆ ಓಡಿಬಂದ.

"ಏರಿ ಬಿರುಕು ಬುಟ್ಟದೆ ಗೌಡ! ಕೋಡಿ ಹರಿದ್ರೂ ಸಾಲ್ದು, ತೂಬೂ ಎತ್ಬೇಕು. ಕೀಲಿ ತಕ್ಕಂಡು ಬಾ."

ಆ ಬೇಸಿಗೆಯಲ್ಲಿ ಪಡುವಲಕೇರಿಯವರು ಹೊಸ ಕಟ್ಟೆಯೊಂದನ್ನು ತೋಡಿದ್ದರು. ತುಂಬಿದ ಕೆರೆಯನ್ನು ಅದಕ್ಕೆ ಬಗ್ಗಿಸಿಕೊಳ್ಳುವ ಹೂಟವಿದು ಎಂದು ಗೌಡನ ಮನಸ್ಸು ಥಟ್ಟನೆ ನುಡಿಯಿತು. "ಮೊದ್ಲು ನಿಮ್ಮ ಕಟ್ಟೆ ಕಾಲ್ವೆ ನೋಡ್ಕ ಬತ್ತೀನಿ ತಡಿ" ಎಂದ. ಮುದ್ದವೀರಯ್ಯ ವಾದಿಸಲಿಲ್ಲ. ತನ್ನ ಕೀಲಿಯನ್ನೇ ಬಿಚ್ಚಿ ಜಗಲಿಯ ಮೇಲಿಟ್ಟ. "ತಕ್ಕೊ, ಎರಡೂ ನಿನ್ತಾವೇ ಇರ್ಲಿ. ನೀನು ತೂಬೆತ್ತು, ನಾನು ತಗ್ಗಿನಕೇರಿ ಜನಾನ ದಿಬ್ಬ ಹತ್ತುಸ್ತೀನಿ. ನಿನ್ ಮಗ್ಳೂ ಅಲ್ಲವ್ಳೆ ಕಣೋ" ಎಂದವನೇ ಓಡಿದ.

ಆಗಲಾದರೂ ಗೌಡ ತೂಬಿಗೆ ಹೋಗಬೇಕಿತ್ತು. ಮಗಳ ಹೆಸರು ಹೇಳಿ ಹೆದರಿಸುತ್ತಾನಲ್ಲ ಎಂದು ಅವನ ಗುಮಾನಿ ಇನ್ನಷ್ಟು ಬಲಿಯಿತು. ಎರಡೂ ಕೀಲಿ ಹಿಡಿದು ಕಟ್ಟೆಯ ಕಡೆಗೇ ನಡೆದ. ಅಲ್ಲಿ ಕಾಲುವೆಯ ಬಾಯಿ ಮುಚ್ಚಿತ್ತು. ಕಲ್ಲು ಮಣ್ಣು ಜಡಿದು, ಅದರ ಮೇಲೆ ಹುಲ್ಲು ಕೂಡ ಬೆಳೆದಿತ್ತು. ಕೆರೆಯ ಒಂದು ಹನಿಯೂ ಅತ್ತ ಹರಿಯುವಂತಿರಲಿಲ್ಲ. ಗೌಡ ಬಿದ್ದೆನೋ ಎದ್ದೆನೋ ಎಂದು ಓಡಿ ಬೀಗ ತೆಗೆದು ಗೂಟ ಎತ್ತುವಷ್ಟರಲ್ಲಿ ಏರಿಯ ಮೂಲೆ ಕುಸಿದು, ತಗ್ಗಿನಕೇರಿ ನೀರುಪಾಲಾಯಿತು.

ತಗ್ಗಿನಕೇರಿಯ ಜನ ದಿಬ್ಬದ ಮೇಲಿದ್ದರು. ದ್ಯಾವೀರಿಯ ಮಡಿಲಲ್ಲಿ ಕೂಸು, ಕೂಸಿನ ಮೇಲೆ ಮುದ್ದವೀರಯ್ಯನ ಕಂಬಳಿ. ಅವನು ಮಾತ್ರ ಇರಲಿಲ್ಲ.

"ಕುಂಟಜ್ಜಿ ಒಬ್ಳು ಉಳ್ಕಂಡಿದ್ಲು ಕಣಪ್ಪ" ಎಂದು ಮಗಳು ಬಿಕ್ಕಿದಳು. "ಹೋಗ್ಬ್ಯಾಡಿ ಅಂದೊ. ಇಷ್ಟೊತ್ಗೆ ನಿಮ್ಮಪ್ಪ ತೂಬು ಎತ್ತಿರ್ತಾನೆ, ಭಯ ಇಲ್ಲ ಅಂದ್ಕಂಡು ತಿರ್ಗ ಇಳುದ್ರು. ಇಬ್ರೂ ಬರ್ನಿಲ್ಲ."

ಗೌಡ ಬಾಯಿ ತೆರೆದು ಅತ್ತ. ಏರಿ ಮತ್ತೆ ಕಟ್ಟಿದ ಮೇಲೆ ತನ್ನ ಬೀಗವನ್ನೂ ಎರಡು ಕೀಲಿಗಳನ್ನೂ ಕೆರೆಗೆಸೆದು, ಮುದ್ದವೀರಯ್ಯನ ಬೀಗವನ್ನು ತೆರೆದಂತೆಯೇ ತೂಬಿನ ಕಲ್ಲಿಗೆ ನೇತುಹಾಕಿದನಂತೆ. ಅಂದಿನಿಂದ ಊರಿಗೆ ಅದೇ ಹೆಸರು ನಿಂತಿತು ಎನ್ನುತ್ತಾರೆ.

ಈಗ ಗದ್ದೆಗಳೆಲ್ಲ ನಿವೇಶನಗಳಾಗಿವೆ. ಕೆರೆಯ ಸುತ್ತ ತಂತಿಬೇಲಿ, ಬೇಲಿಗೊಂದು ಗೇಟು, ಗೇಟಿಗೆ ಭದ್ರವಾದ ಬೀಗ. ಒಳಗೆ ತೂಬಿನ ಕಲ್ಲಿನಲ್ಲಿ ಹಳೆಯ ಬೀಗ ಮಾತ್ರ ಬಾಯಿ ತೆರೆದೇ ಇದೆ. ಎರಡೂ ಕೇರಿಯವರು ಉತ್ತರೆ ಮಳೆಗೆ ಮುಂಚೆ ಅದಕ್ಕೆ ಹರಳೆಣ್ಣೆ ಬಿಡುತ್ತಾರೆ. ಬೆಳಗ್ಗೆ ಗೇಟು ತೆರೆದಾಗ ವಾಕಿಂಗಿಗೆ ಬಂದ ಹೊಸಬರು ಅದನ್ನು ಒತ್ತಿ ಮುಚ್ಚಲು ಕೈ ಚಾಚಿದರೆ, ಏರಿಯ ಮೇಲೆ ಕೂತ ಮುದುಕರು ಯಾರಾದರೂ ಕೂಗುತ್ತಾರೆ: "ಒತ್ಬ್ಯಾಡಿ ಸ್ವಾಮಿ, ತೆಗ್ಯಾಕೆ ಕೀಲಿ ಇಲ್ಲ."