ಎಲೆಕ್ಷನ್ ಹಿಂದಿನ ದಿನದ ಊಟ

ಎಮರ್ಜೆನ್ಸಿ ಮುಗಿದು ಎಲೆಕ್ಷನ್ ಬಂದ ವರ್ಷ. ಗಂಡಸರನ್ನು ಲಾರಿಗೆ ಹತ್ತಿಸಿ ಮಕ್ಕಳಾಗದ ಆಪರೇಷನ್ನಿಗೆ ಕಳಿಸಿದ್ದ ನಮ್ಮೂರ ಗೌಡರೇ, ಓಟಿನ ಹಿಂದಿನ ದಿನ ಊರಿಗೆಲ್ಲ ಊಟ ಹಾಕಿಸುತ್ತೇನೆ ಎಂದರು. ಹೋಗದಿದ್ದರೆ ಅವರ ಕೋಪ. ಹೋಗಿ ಉಂಡರೆ ಅವರ ಉಪ್ಪಿನ ಋಣ. ಉಪ್ಪು ತಿಂದ ಮನೆಗೆ ಎರಡು ಬಗೆಯುವ ಜನ ನಾವಲ್ಲ. ಅದು ಗೌಡರಿಗೂ ಗೊತ್ತು.

ಅಡುಗೆಗೆ ನಿಂಗಾಜಮ್ಮನನ್ನು ಕರೆಸಿದರು. ಅವಳ ತಮ್ಮನೂ ಆ ಲಾರಿ ಹತ್ತಿದವನೇ. ಅವನಿಗಿನ್ನೂ ಮದುವೆಯಾಗಿರಲಿಲ್ಲ. ಅವಳು ಆಗಲಿ ಎಂದಳು. ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಹೆಂಗಸರ ಕಿವಿಗೆ ಒಂದು ಮಾತು ಹಾಕಿದಳು.

ಎಲೆಗೆ ಮುದ್ದೆ, ಹುರುಳಿಕಾಳಿನ ಸಾರು ಬಿತ್ತು. ಜನ ತಲೆ ತಗ್ಗಿಸಿ ಉಂಡರು. ಗೌಡರು ಎದ್ದು ನಿಂತರು.

"ನನ್ನ ಮನೆ ಉಪ್ಪು ತಿಂದಿದ್ದೀರಿ. ನಾಳೆ ಅದು ನೆನಪಿರಲಿ."

ನಿಂಗಾಜಮ್ಮ ಸೌಟು ಕೆಳಗಿಟ್ಟಳು. "ನಾನು ಉಪ್ಪೇ ಹಾಕಿಲ್ಲ ಗೌಡ್ರೆ. ಎಲ್ಲಾರೂ ಅವರವರ ಮನೆಯಿಂದ ತಂದವ್ರೆ."

ಗೌಡರು ಪಂಕ್ತಿಯುದ್ದಕ್ಕೂ ನೋಡಿದರು. ಎಲೆ ಎಲೆಯ ಪಕ್ಕದಲ್ಲೂ ಬಿಚ್ಚಿದ ಪೊಟ್ಟಣ. ಬೈಯಲು ಬಾಯಿ ತೆರೆದರು. ಬೈದರೆ, ಊರಿಗೆ ಸಪ್ಪೆ ಊಟ ಹಾಕಿದ ಗೌಡ ಎಂದು ತಾಲ್ಲೂಕೆಲ್ಲ ಆಡಿಕೊಳ್ಳುತ್ತದೆ. ಕೂತು ತಾವೂ ಒಂದು ತುತ್ತು ಬಾಯಿಗಿಟ್ಟರು. ಬರೀ ಸಪ್ಪೆ. ಕೊನೆಗೆ ಪಕ್ಕದ ಎಲೆಯವನ ಕಡೆ ಕೈ ಚಾಚಿದರು. ಅವನು ನಿಂಗಾಜಮ್ಮನ ತಮ್ಮ.

ಉಪ್ಪು ಕೈಗೆ ಕೊಟ್ಟರೆ ಜಗಳವಾಗುತ್ತದೆ ಎನ್ನುತ್ತಾರೆ. ಅದಕ್ಕೆ ಅವನು ಒಂದು ಚಿಟಿಕೆಯನ್ನು ಅವರ ಎಲೆಯ ತುದಿಗೆ ಹಾಕಿದ.

ಓಟು ಯಾರಿಗೆ ಎಂದು ಗೌಡರು ಆಮೇಲೆ ಯಾರನ್ನೂ ಕೇಳಲಿಲ್ಲ. ಊರಿನ ಉಪ್ಪು ತಿಂದಿದ್ದರಲ್ಲ.